ನುಮಿಡಿಯಾ ಎಂಬ ಏಳು ಬೋಗಿಗಳು

ನಮ್ಮ ಮನೆಯ ವಾಷಿಂಗ್ ಮಷೀನಿಗೆ ನಿಂತ ಕಡೆ ನಿಂತು ಗೊತ್ತಿಲ್ಲ. ಬಟ್ಟೆ ಹಿಂಡುವ ಹೊತ್ತು ಬಂತೆಂದರೆ ಗಡಗಡ ನಡುಗುತ್ತಾ ಗೋಡೆ ಬಿಟ್ಟು ಹೊರಡುತ್ತದೆ. ನಾನು ಒಲೆಯ ಮೇಲಿನ ಸಾರನ್ನು ಅದರ ಪಾಡಿಗೆ ಬಿಟ್ಟು ಓಡಿಬಂದು, ಅದರ ತಲೆಯ ಮೇಲೆ ಎರಡೂ ಕೈ ಊರಿ ನಿಂತುಕೊಳ್ಳಬೇಕು. ನಮ್ಮ ಯಜಮಾನರು ಎರಡು ಸಲ ಅದರ ಕಾಲು ತಿರುಗಿಸಿ ಸರಿ ಮಾಡಿದರು. ಸಿಂಡೆಲ್‌ಫಿಂಗೆನ್ನಿನ ಕಾರಿನ ಕಾರ್ಖಾನೆಯಲ್ಲಿ ಇಂಜಿನ್ನುಗಳ ನಡುಕ ಅಳೆಯುವುದೇ ಅವರ ಕಸುಬು. ಮನೆಯೊಳಗಿನ ನಡುಕ ಮಾತ್ರ ಅವರ ಅಳತೆಗೆ ಇನ್ನೂ ಸಿಕ್ಕಿಲ್ಲ.

ಹೋದ ಶನಿವಾರ ಅದು ಹೇಗೂ ಅರ್ಧ ದಾರಿ ಬಂದಿದೆಯಲ್ಲ ಎಂದು ಪೂರ್ತಿ ಈಚೆಗೆ ಎಳೆದು ಹಿಂದೆ ಗುಡಿಸಿದೆ. ನಿಮ್ಮ ಮನೆಯ ಮಷೀನಿನ ಹಿಂದೆ ಏನಿರುತ್ತದೋ ಕಾಣೆ. ನಮ್ಮದರ ಹಿಂದೆ ಜೊತೆಯಿಲ್ಲದ ಒಂದು ಕಾಲುಚೀಲ, ಮೂರು ಕ್ಲಿಪ್ಪು, ಯಾವ ಕಾಲದ್ದೋ ಒಂದು ಗೋಡಂಬಿ ಸಿಕ್ಕವು. ಜೊತೆಗೆ ಒಂದು ಮರದ ಅಕ್ಷರ ಸಿಕ್ಕಿತು. ಇಂಗ್ಲಿಷಿನ 'ಐ'. ಹೆಬ್ಬೆರಳುದ್ದ ಇದ್ದು, ಅಡಿಯಲ್ಲಿ ನಾಲ್ಕು ಹಳದಿ ಗಾಲಿ.

ಇಲ್ಲಿ ಜರ್ಮನಿಯ ಆಟಿಕೆ ಅಂಗಡಿಗಳಲ್ಲಿ ಹೀಗೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಒಂದೊಂದು ಅಕ್ಷರವೂ ರೈಲಿನ ಒಂದೊಂದು ಬೋಗಿ. ಮಗುವಿನ ಹೆಸರಿಗೆ ಬೇಕಾದಷ್ಟು ಆರಿಸಿಕೊಂಡು, ಮುಂದೊಂದು ಇಂಜಿನ್ ಕಟ್ಟಿ, ನಾಮಕರಣಕ್ಕೋ ಹುಟ್ಟುಹಬ್ಬಕ್ಕೋ ಕೊಡುತ್ತಾರೆ. ನಾನೂ ಒಮ್ಮೆ ಏಳು ಅಕ್ಷರ ಆರಿಸಿದ್ದೆ. ಅಂಗಡಿಯವಳು ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಓದಿ, "ನುಮಿಡಿಯಾ? ಇದು ಊರೋ ಮಗುವೋ?" ಎಂದಿದ್ದಳು. ಮಗು, ಎಂದಿದ್ದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟಿದ್ದೆ!

ಸಿಕ್ಕ ಬೋಗಿಯನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅವತ್ತಿನಿಂದ ನನಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಚಪಾತಿ ಹಿಟ್ಟು ಕಲಸಿ ಅರ್ಧಕ್ಕೆ ಬಿಟ್ಟು ಬಾಲ್ಕನಿಗೆ ಹೋಗುತ್ತೇನೆ. ಅಲ್ಲಿಂದ ಒಳಗೆ ಬಂದು ಅಂಚೆಡಬ್ಬಿ ನೋಡಲು ಕೆಳಗಿಳಿಯುತ್ತೇನೆ. ಇಳಿದ ಮೇಲೆ ಇವತ್ತು ಭಾನುವಾರ ಎಂಬುದು ನೆನಪಾಗುತ್ತದೆ.

ನಮ್ಮ ಅಂಚೆಡಬ್ಬಿಯ ಮೇಲೆ, ಕರೆಗಂಟೆಯ ಪಕ್ಕದಲ್ಲಿ, ಎರಡು ಕಡೆಯೂ 'ರುದ್ರಪ್ಪ' ಎಂದು ಬರೆದಿದೆ. ರುದ್ರಪ್ಪ ನನ್ನ ಮಾವನವರು. ಬದುಕಿದ್ದಷ್ಟು ದಿನ ಅವರು ಹರಿಹರದ ಸೇತುವೆ ದಾಟಿದ್ದು ಬೆರಳೆಣಿಕೆಯಷ್ಟು ಸಲ. ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇಕೇಬೇಕು ಎಂದಾಗ ಯಜಮಾನರು ಅಪ್ಪನ ಹೆಸರು ಬರೆದರು, ಅದೇ ನನಗೂ ಮಗಳು ಮೇಧಾಗೂ ಬಂತು. ಹೀಗಾಗಿ ಹೆಸರಿಗಾದರೂ ಮಾವನವರು ಫ್ರಾಂಕ್‌ಫರ್ಟಿನಲ್ಲಿ ಎರಡು ವರ್ಷ, ಹ್ಯಾಂಬರ್ಗಿನಲ್ಲಿ ಮೂರು ವರ್ಷ ಬಾಗಿಲು ಕಾದು ಈಗ ಸಿಂಡೆಲ್‌ಫಿಂಗೆನ್ನಿಗೆ ಬಂದಿದ್ದಾರೆ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ನೀಲಿ ಚೀಟಿ ಹಿಡಿದುಕೊಂಡು ಬಂದವರ ಸಂಸಾರವೇ ಹಾಗೆ. ಒಂದು ಊರಿನಲ್ಲಿ ಒಳ್ಳೆ ಮೊಸರು ಯಾವುದು ಎಂದು ಗೊತ್ತಾಗುವ ಹೊತ್ತಿಗೆ ಇನ್ನೊಂದು ಊರಿನಲ್ಲಿ ಕೆಲಸ ಕಾದಿರುತ್ತದೆ. ನಮ್ಮಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆ ಇನ್ನೂ ಬಿಚ್ಚದೆ ಇದೆ. ಅದರಲ್ಲಿ ಏನಿದೆ ಎಂದು ಯಾರಿಗೂ ನೆನಪಿಲ್ಲ, ಎಸೆಯುವ ಧೈರ್ಯವೂ ಇಲ್ಲ.

ನಾವು ಈ ಮನೆಗೆ ಬಂದ ವಾರದಲ್ಲೇ ಮೇಲಿನ ಮನೆಗೆ ನೋರಾ ಮತ್ತು ಇದಿರ್ ಬಂದರು. ಗಂಡ ಹೆಂಡಿರಿಬ್ಬರೂ ಅಲ್ಜೀರಿಯಾದ ಬೆಟ್ಟದ ಸೀಮೆಯವರು. ಅವನೂ ನಮ್ಮವರ ಹಾಗೆಯೇ ನೀಲಿ ಚೀಟಿಯ ಇಂಜಿನಿಯರ್. ನೋರಾ ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವಳು. ನಾವಿಬ್ಬರೂ ಒಂದೇ ಜರ್ಮನ್ ತರಗತಿಗೆ ಹೋಗಿ, ಒಂದೇ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ತಪ್ಪು ಮಾಡಿದವರು. ನಮ್ಮ ಜರ್ಮನ್ ಎಂದರೆ ಕ್ರಿಯಾಪದಗಳು ಆಗಾಗ ರಜೆ ಹಾಕುವ ಜರ್ಮನ್. ಇಲ್ಲಿ ಕನ್ನಡ ಮಾಡಿ ಬರೆಯುವಾಗ ಅದಕ್ಕೆ ಸ್ವಲ್ಪ ಬಟ್ಟೆ ತೊಡಿಸಿದ್ದೇನೆ. ಅವಳು ಫೋನಿನಲ್ಲಿ ತಾಯಿಯನ್ನು "ಯಮ್ಮಾ" ಎಂದು ಕರೆಯುವುದನ್ನು ಮೆಟ್ಟಿಲ ಮೇಲೆ ಮೊದಲ ಸಲ ಕೇಳಿದ ದಿನವೇ ನಾನು ಒಳಗೆ ಕರೆದು ಒಂದು ಬಟ್ಟಲು ಒಗ್ಗರಣೆ ಮಂಡಕ್ಕಿ ಕೊಟ್ಟಿದ್ದೆ. ಅವಳು ನನ್ನನ್ನು "ನ್ನಾ ಗಿರಿಜಾ" ಎನ್ನುತ್ತಿದ್ದಳು. ನ್ನಾ ಎಂದರೆ ಅವರಲ್ಲಿ ಅಕ್ಕ.

ನೋರಾ ಎಂಬುದು ಅವಳ ತಾಯಿ ಇಟ್ಟ ಹೆಸರಲ್ಲ. ಇದನ್ನು ಅವಳು ಹೇಳಿದ್ದು ಬಸುರಿಯಾಗಿದ್ದಾಗ, ನಮ್ಮ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿಚುಕುತ್ತಾ.

"ಅಮ್ಮ ನುಮಿಡಿಯಾ ಅಂತ ಇಡಬೇಕು ಅಂದುಕೊಂಡಿದ್ದಳು. ಕಚೇರಿಯಲ್ಲಿ ಗುಮಾಸ್ತ ಪಟ್ಟಿ ತೆಗೆದು ನೋಡಿದ. ಪಟ್ಟಿಯಲ್ಲಿ ಇಲ್ಲ ಅಂದ. ಆಗ ನಮ್ಮ ಭಾಷೆಯ ಹೆಸರುಗಳು ಎಷ್ಟೋ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಹಿಂದೆ ಜನ ನಿಂತಿದ್ದರು. ಅವನೇ ನೋರಾ ಅಂತ ಬರೆದು, ಮುದ್ರೆ ಒತ್ತಿ, ಮುಂದಿನವರು ಅಂದ."

"ಅಮ್ಮ ಏನು ಮಾಡಿದರು?"

"ಏನೂ ಇಲ್ಲ. ಇವತ್ತಿನವರೆಗೂ ನನ್ನನ್ನ ನೋರಾ ಅಂತ ಕರೆದಿಲ್ಲ. ಮಗಳೇ ಅಂತಾಳೆ ಅಷ್ಟೆ. ಸಿಟ್ಟು ಬಂದರೂ ಮಗಳೇ."

ಆ ನುಮಿಡಿಯಾ ಎರಡು ಸಾವಿರ ವರ್ಷಕ್ಕೂ ಹಿಂದೆ ಅವರ ಸೀಮೆಯಲ್ಲಿದ್ದ ರಾಜ್ಯವಂತೆ. ಜೀನಿಲ್ಲದೆ, ಲಗಾಮಿಲ್ಲದೆ ಕುದುರೆ ಓಡಿಸುವ ಸವಾರರಿದ್ದರಂತೆ. ಆ ಹೆಸರಿಗೆ ಅರ್ಥವೇನು ಎಂದು ಕೇಳಿದೆ. ನಮ್ಮಲ್ಲಿ ಹೆಸರು ಕೇಳಿದ ಮೇಲೆ ಅರ್ಥ ಕೇಳುವುದು ಮರ್ಯಾದೆ. ಅವಳು ಅವರೆಕಾಳು ಕೆಳಗಿಟ್ಟಳು.

"ಅಲೆಯುವವರು, ದನಕುರಿ ಹೊಡೆದುಕೊಂಡು ಸುತ್ತುವವರು ಅಂತ. ಗ್ರೀಕರ ಮಾತಿನಿಂದ ರೋಮಿನವರು ಮಾಡಿಕೊಂಡ ಹೆಸರು ಅಂತಾರೆ. ಅಲ್ಲ ಅನ್ನುವವರೂ ಇದ್ದಾರೆ. ನಮ್ಮವರು ತಮ್ಮನ್ನು ತಾವು ಹಾಗೆ ಕರೆದುಕೊಂಡಿರಲಿಕ್ಕಿಲ್ಲ. ಗೋಧಿ ಬೆಳೀತಿದ್ದರು, ಅಂಜೂರ ಬೆಳೀತಿದ್ದರು, ಊರು ಕಟ್ಟಿದ್ದರು. ದೂರದಲ್ಲಿ ಕೂತವರಿಗೆ ಕಂಡಿದ್ದು ಅಲೆದಾಟ ಮಾತ್ರ."

"ಹಾಗಾದ್ರೆ ಬೇರೆಯವರು ಕೊಟ್ಟ ಹೆಸರು ಯಾಕವ್ವ ಮಗೂಗೆ?"

"ಅವರು ಕೊಟ್ಟು ಮರೆತರು, ನ್ನಾ ಗಿರಿಜಾ. ನಾವು ಇಟ್ಟುಕೊಂಡ್ವಿ. ಯಾರು ಇಟ್ಟುಕೊಂಡರೋ ಹೆಸರು ಅವರದು."

ಈ ಮಾತು ನನ್ನೊಳಗೆ ಎಲ್ಲೋ ಹೋಗಿ ಕೂತಿತು. ಏಕೆಂದರೆ ಗಿರಿಜಾ ಎಂಬುದು ನನಗೂ ಮೊದಲ ಹೆಸರಲ್ಲ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಮಂಡಕ್ಕಿ ಭಟ್ಟಿಯ ಸಾಲಿನಲ್ಲಿ. ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಚಟಪಟ ಅರಳಿ ಬಾಣಲೆ ತುಂಬಿಕೊಳ್ಳುವುದನ್ನು ನೋಡುತ್ತಲೇ ಬೆಳೆದವಳು. ಹೊಟ್ಟಿನ ಹೊಗೆಗೆ ನಮ್ಮ ಮನೆಯ ಗೋಡೆ, ಸೂರು, ದೇವರ ಪಟ ಎಲ್ಲವೂ ಒಂದೇ ಬಣ್ಣ. ನನ್ನ ಮುಂಚೆ ಅವ್ವನಿಗೆ ಎರಡು ಮಕ್ಕಳಾಗಿ ಎರಡೂ ಉಳಿದಿರಲಿಲ್ಲ. ಮೂರನೆಯದು ನಾನು ಹುಟ್ಟಿದಾಗ ಅಜ್ಜಿ ನನ್ನನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ಭಟ್ಟಿಯ ಹಿಂದಿನ ತಿಪ್ಪೆಯ ಮೇಲೆ ಮಲಗಿಸಿ, ಇದು ಯಾರಿಗೂ ಬೇಡವಾದ ಕೂಸು ಎಂದು ಗಟ್ಟಿಯಾಗಿ ಹೇಳಿ, ತಿರುಗಿ ನೋಡದೆ ಬಂದಳಂತೆ. ಪಕ್ಕದ ಭಟ್ಟಿಯ ಹಾಲಮ್ಮಜ್ಜಿ ಎತ್ತಿಕೊಂಡು ಬಂದು, ಒಂದು ಮೊರ ತೌಡಿಗೆ ನನ್ನನ್ನು ನಮ್ಮವ್ವನಿಗೇ ವಾಪಸು ಕೊಟ್ಟಳಂತೆ. ಹೀಗೆ ಮಾಡಿದರೆ ಸಾವಿಗೆ ಲೆಕ್ಕ ತಪ್ಪುತ್ತದೆ. ಇದು ಆ ಮನೆಯ ಮಗುವಲ್ಲ, ತಿಪ್ಪೆಯದು ಎಂದುಕೊಂಡು ಮುಂದಿನ ಓಣಿಗೆ ಹೋಗುತ್ತದೆ. ಹೆಸರು ತಿಪ್ಪವ್ವ ಎಂದಿಟ್ಟರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಚೀಟಿ ನೋಡಿ, "ಬದುಕಿಕೊಂಡ್ಳಲ್ಲ, ಇನ್ನು ಒಳ್ಳೆ ಹೆಸರು ಇಡ್ರಿ" ಎಂದು ತಾವೇ ಗಿರಿಜಾ ಎಂದು ಬರೆದುಕೊಂಡರು. ಊರಿನ ಮುನಿಸಿಪಾಲಿಟಿಯ ಜನನ ಪತ್ರದಲ್ಲಂತೂ ನಾನು ಬಹಳ ವರ್ಷ ಬರೀ 'ಹೆಣ್ಣು ಮಗು' ಆಗಿದ್ದೆ. ಹೆಸರಿನ ಜಾಗ ಖಾಲಿ ಬಿಟ್ಟು, ಯಾವಾಗ ಬೇಕೋ ಆಗ ಹೋಗಿ ತುಂಬಿಸಿಕೊಂಡು ಬರುವುದು ನಮ್ಮಲ್ಲಿ ಮಾಮೂಲು.

ಈ ಮಾಮೂಲೇ ಮುಂದೆ ನನ್ನ ಕುತ್ತಿಗೆಗೆ ಬಂತು.

ನೋರಾಗೆ ದಿನ ತುಂಬಲು ಎರಡು ವಾರ ಇರುವಾಗಲೇ ನೋವು ಶುರುವಾಯಿತು. ಇದಿರ್ ಕೆಲಸದ ಮೇಲೆ ಹ್ಯಾಂಬರ್ಗಿಗೆ ಹೋಗಿದ್ದ. ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಹೆಣ್ಣು ಮಗು, ತಲೆ ತುಂಬಾ ಕೂದಲು. ಮರುದಿನ ಬೆಳಿಗ್ಗೆ ನೋರಾಗೆ ಸ್ವಲ್ಪ ಜ್ವರ. ಆಸ್ಪತ್ರೆಯ ಹೆಂಗಸೊಬ್ಬಳು ಬಂದು ಮಗುವಿನ ಹೆಸರು ಬರೆಯುವ ನಮೂನೆ ಕೊಟ್ಟು, ತುಂಬಿ ಇಬ್ಬರ ಸಹಿ ಹಾಕಿಸಿ ಎಂದು ಹೋದಳು. ನೋರಾ ಕಣ್ಣು ಮುಚ್ಚಿಕೊಂಡೇ, "ನೀವು ಬರೀರಿ, ನಿಮಗೆ ಗೊತ್ತಲ್ಲ" ಎಂದಳು.

ಗೊತ್ತಿತ್ತು. ಏಳು ಅಕ್ಷರ ಆಗಲೇ ನನ್ನ ಬೀರುವಿನ ಮೇಲೆ ಪೆಟ್ಟಿಗೆಯಲ್ಲಿದ್ದವು. ವಿಳಾಸ ಬರೆದೆ, ತಾಯಿಯ ಹೆಸರು, ತಂದೆಯ ಹೆಸರು ಬರೆದೆ. ಮಗುವಿನ ಹೆಸರಿನ ಮುಂದೆ ಬಂದಾಗ ಪೆನ್ನು ನಿಂತುಬಿಟ್ಟಿತು. ಹುಟ್ಟಿ ಇನ್ನೂ ಎರಡನೆಯ ದಿನ. ಹೆಸರಿಡುವುದು ಹನ್ನೆರಡಕ್ಕೆ. ಅಷ್ಟರವರೆಗೆ ನಿಜವಾದ ಹೆಸರನ್ನು ಬಾಯಲ್ಲಿ ಕೂಡ ಆಡಬಾರದು ಎಂದು ಬೆಳೆದವಳು ನಾನು, ಬರೆಯುವುದೆಂದರೆ? ಅದೂ ಜ್ವರ ಬಂದ ಬಾಣಂತಿಯ ಪಕ್ಕದಲ್ಲಿ ಕೂತು, ಅಷ್ಟು ದೊಡ್ಡ ಹೆಸರನ್ನು? ಖಾಲಿ ಬಿಡೋಣವೆಂದರೆ, ಖಾಲಿ ಬಿಡಬೇಡಿ ಎಂದು ಆ ಹೆಂಗಸು ಎರಡು ಸಲ ಹೇಳಿದ್ದಳು. ಅಂಥ ಹೊತ್ತಿಗೆ ನಮ್ಮಲ್ಲಿ ಏನು ಕರೆಯುತ್ತೇವೋ ಅದನ್ನೇ ಬರೆದೆ. 'ಪುಟ್ಟಿ'. ಆಮೇಲೆ ಹೋಗಿ ಸರಿಯಾದ ಹೆಸರು ಕೊಟ್ಟರಾಯಿತು, ಇದ್ದೇ ಇದೆಯಲ್ಲ. ನಾನು ತೋರಿಸಿದ ಕಡೆ ನೋರಾ ಸಹಿ ಹಾಕಿದಳು. ಸಂಜೆ ರೈಲಿನಿಂದ ನೇರ ಬಂದ ಇದಿರ್ ಮಗುವಿನ ಮುಖದಿಂದ ಕಣ್ಣು ಕೀಳದೆ ನಾಲ್ಕು ಕಡೆ ಸಹಿ ಹಾಕಿದ. ನಾನು ಮನೆಗೆ ಬಂದು ಬಿಸಿ ನೀರಲ್ಲಿ ಕಾಲು ತೊಳೆದು, ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮಲಗಿದೆ.

ಹನ್ನೆರಡನೆಯ ದಿನ ಪಾಯಸ ಮಾಡಿ, ರೈಲಿನ ಪೆಟ್ಟಿಗೆ ಇಳಿಸಿ, ಮೇಲೆ ಹೋಗಿ ಕರೆದೆ. ನೋರಾ ಪಾಯಸ ಮಾತ್ರ ತೆಗೆದುಕೊಂಡಳು.

"ರೈಲು ಆಮೇಲೆ, ನ್ನಾ ಗಿರಿಜಾ. ಮೊದಲು ಕಾಗದ ಬರಲಿ. ಅಮ್ಮನೂ ಅದನ್ನೇ ಅಂದಳು. ಕಾಗದದಲ್ಲಿ ಬರೋತನಕ ಬಾಯಲ್ಲಿ ಕರೆಯಲ್ಲ ಅಂದಿದ್ದಾಳೆ. ಒಂದು ಸಲ ಕರೆದು ಕಳಕೊಂಡಿದ್ದಾಳಲ್ಲ."

ಕಾಗದಕ್ಕೆ ಇನ್ನೊಂದು ಅವಸರವೂ ಇತ್ತು. ಆ ತಾಯಿಯ ಕಣ್ಣು ದಿನೇ ದಿನೇ ಮಬ್ಬಾಗುತ್ತಿತ್ತು. ಒಂದು ಆಗಲೇ ಹೋಗಿತ್ತು, ಇನ್ನೊಂದರ ಬಗ್ಗೆ ವೈದ್ಯರು ಮಾತು ಕೊಟ್ಟಿರಲಿಲ್ಲ. ಜನನ ಪತ್ರ ಬಂದರೆ ಮಗುವಿಗೆ ಪಾಸ್‌ಪೋರ್ಟು, ಪಾಸ್‌ಪೋರ್ಟು ಬಂದರೆ ಬೇಸಿಗೆಯಲ್ಲಿ ಪ್ರಯಾಣ. ಅಜ್ಜಿ ಮೊಮ್ಮಗಳ ಮುಖವನ್ನು ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಸವರಿ ಅಲ್ಲ. ನೋರಾ ದಿನಾ ಎರಡು ಸಲ ಕೆಳಗಿಳಿದು ಅಂಚೆಡಬ್ಬಿ ನೋಡುತ್ತಿದ್ದಳು.

ಕೊನೆಗೊಂದು ದಿನ ಮಗುವನ್ನು ಎದೆಗೆ ಕಟ್ಟಿಕೊಂಡು, ಕೈಯಲ್ಲಿ ಕಾಗದ ಹಿಡಿದು ನೇರ ನಮ್ಮ ಮನೆಗೆ ಬಂದಳು. ಜನನ, ಮದುವೆ ನೋಂದಾಯಿಸುವ ಕಚೇರಿ, ಇಲ್ಲಿ ಸ್ಟಾಂಡೆಸ್‌ಆಮ್ಟ್ ಎನ್ನುತ್ತಾರೆ, ಅಲ್ಲಿಂದ ಬಂದಿತ್ತು. ನೋರಾ ನಗುತ್ತಿದ್ದಳು.

"ನೋಡಿ, ಯಾವುದೋ ಪುಟ್ಟಿ ಅಂತೆ. ಅದು ಹೆಸರು ಅನ್ನೋದಕ್ಕೆ ಆಧಾರ ಕೊಡಿ ಅಂತಾರೆ. ಬೇರೆ ಯಾರದೋ ಮಗುವಿನ ಕಾಗದ ನಮಗೆ ಕಳಿಸಿದ್ದಾರೆ. ಜರ್ಮನರೂ ತಪ್ಪು ಮಾಡ್ತಾರೆ."

ನಿಮಗೆ ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ, ಹಾಗೇ ಇರಲಿ ಎನ್ನಿಸಿತು. ಕಚೇರಿಯ ತಪ್ಪು ಎಂದುಕೊಂಡು ಅವರೇ ಹೋಗಿ ಸರಿಪಡಿಸಿಕೊಳ್ಳಲಿ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಎದ್ದು ಹೋಗಿ ಒಲೆ ನೋಡಿ ಬಂದೆ. ಮತ್ತೆ ಕೂತೆ. ಮತ್ತೆ ಎದ್ದೆ.

"ಅದು ನಾನು ಬರೆದಿದ್ದು," ಎಂದೆ.

ಯಾಕೆ ಬರೆದೆ ಎಂದು ಹೇಳಲು ಹೋದೆ. ಎರಡನೆಯ ದಿನ, ಹನ್ನೆರಡನೆಯ ದಿನ, ತಿಪ್ಪೆ, ತೌಡು ಎಲ್ಲ ಒಟ್ಟಿಗೆ ಬಾಯಿಗೆ ಬಂದು, ಜರ್ಮನ್ ಕೈಕೊಟ್ಟು, ಕನ್ನಡವೇ ಬಂದುಬಿಟ್ಟಿತು. ನೋರಾ ಕಾಗದ ಮಡಿಚಿದಳು. ಇನ್ನೊಮ್ಮೆ ಮಡಿಚಿದಳು.

"ನನ್ನಮ್ಮನಿಗೆ ಒಬ್ಬ ಗುಮಾಸ್ತ ಹೀಗೇ ಮಾಡಿದ," ಎಂದಳು. ದನಿ ಏರಿರಲಿಲ್ಲ. "ಅವನು ಗುರುತಿನವನಲ್ಲ."

ಅಷ್ಟು ಹೇಳಿ ಮೇಲೆ ಹೋದಳು.

ದಾವಣಗೆರೆಯಿಂದ ನನ್ನ ತಂಗಿ ಪ್ರತಿವರ್ಷ ಕಳಿಸುವ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಾಲು ಬರೆದಿಡುವುದು ನನ್ನ ಅಭ್ಯಾಸ. ಆ ವಾರದ ಸಾಲುಗಳು ಈಗಲೂ ಇವೆ. 'ಕೊತ್ತಂಬರಿ ಸಿಗಲಿಲ್ಲ. ನೋರಾ ಬರಲಿಲ್ಲ.' 'ಮೇಧಾಗೆ ಶೀತ. ನೋರಾ ಬರಲಿಲ್ಲ.' 'ಮಳೆ. ದೋಸೆ ಹಿಟ್ಟು ಉಬ್ಬಲಿಲ್ಲ. ಬರಲಿಲ್ಲ.' ಹೀಗೆ ಎಂಟು ದಿನ. ಮೇಲೆ ಮಗು ಅತ್ತರೆ ನಾನು ಕೆಳಗೆ ಎದ್ದು ನಿಲ್ಲುತ್ತಿದ್ದೆ. ಅದು ಸುಮ್ಮನಾಗುವವರೆಗೆ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ.

"ಒಂದ್ ಕಡೆ ಕೂತ್ಕೊಳ್ಳೇ ಮಾರಾಯ್ತಿ," ಎಂದರು ಯಜಮಾನರು. "ನೀನು ನಮ್ಮ ಮಷೀನಿಗಿಂತ ಕಡೆ ಆದೆ."

"ನೀವು ಹೋಗಿ ಇದಿರ್ ಹತ್ರ ಮಾತಾಡ್ರಿ ಅಂದ್ರೆ ಆಡಲ್ಲ."

"ಏನಂತ ಮಾತಾಡ್ಲಿ? ನನ್ನ ಹೆಂಡ್ತಿ ನಿನ್ನ ಮಗಳಿಗೆ ಪುಟ್ಟಿ ಅಂತ ರಿಜಿಸ್ಟರ್ ಮಾಡ್ಸಿದಾಳೆ, ಬೇಜಾರ್ ಮಾಡ್ಕೋಬೇಡ ಅಂತಲಾ?"

ಇದಿರ್ ತಾನೇ ಕಚೇರಿಗೆ ಹೋಗಿ ಸರಿಯಾದ ಹೆಸರು ಹೇಳಿದ್ದನಂತೆ. ಪುಣ್ಯಕ್ಕೆ ಪುಟ್ಟಿ ಇನ್ನೂ ದಾಖಲೆಗೆ ಏರಿರಲಿಲ್ಲ. ಆದರೆ ಅಲ್ಲಿನ ಅಧಿಕಾರಿ, ಮೂರು ವಾರದಲ್ಲಿ ಎರಡು ಹೆಸರು ಹೇಗೆ, ಅದೂ ಎರಡನೆಯದು ಒಂದು ರಾಜ್ಯದ ಹೆಸರು, ಇದು ಹೆಣ್ಣುಮಕ್ಕಳಿಗೆ ಬಳಕೆಯಲ್ಲಿದೆ ಎನ್ನುವುದಕ್ಕೆ ಆಧಾರ ತನ್ನಿ, ಎಂದಿದ್ದಳು. ಇದು ಮೆಟ್ಟಿಲ ಮೇಲೆ ಯಜಮಾನರ ಕಿವಿಗೆ ಬಿದ್ದು ನನಗೆ ಬಂತು.

ಬಳಕೆ ತಾನೆ, ಹುಡುಕೋಣ ಎಂದು ಹೊರಟೆ. ಮೇಧಾಳನ್ನು ಕಟ್ಟಿಕೊಂಡು ಸ್ಟುಟ್‌ಗಾರ್ಟಿನ ಮೃಗಾಲಯಕ್ಕೆ ಹೋದದ್ದೂ ಆ ವಾರವೇ. ಅಲ್ಲಿ ಒಂದು ಪಕ್ಷಿಯ ಬೋರ್ಡಿನಲ್ಲಿ ಆ ಹೆಸರಿನ ಹಾಗೆ ಏನೋ ಕಂಡಿತ್ತು ಎಂದು ಹಿಂದೊಮ್ಮೆ ಅವಳೇ ಹೇಳಿದ್ದಳು. ಹೋಗಿ ನೋಡಿದರೆ ಗಿನಿಕೋಳಿ. ಮೈತುಂಬಾ ಬಿಳಿ ಚುಕ್ಕೆ, ನಿಂತಲ್ಲಿ ನಿಲ್ಲದ ಜಾತಿ, ಸುಮ್ಮಸುಮ್ಮನೆ ಬೇಲಿಯುದ್ದಕ್ಕೂ ಆಚೆಯಿಂದೀಚೆಗೆ ಓಡುತ್ತಿತ್ತು. ಬೋರ್ಡಿನಲ್ಲಿ ಅದರ ಶಾಸ್ತ್ರೀಯ ಹೆಸರು 'ನುಮಿಡಾ' ಎಂದೇ ಶುರುವಾಗುತ್ತಿತ್ತು. ನಾನು ಫೋಟೋ ಹೊಡೆಯಲು ನಿಂತೆ.

"ಮಾಮಾ, ದಸ್ ಇಸ್ಟ್ ಐನ್ ಹೂನ್," ಎಂದಳು ಮೇಧಾ. ಅಮ್ಮಾ, ಇದು ಕೋಳಿ.

"ಗೊತ್ತು ಕಣೇ. ಕೋಳಿಗಾದ್ರೂ ಇದೆಯಲ್ಲ."

"ಅಮ್ಮಾ, ಪ್ಲೀಸ್. ಇದನ್ನ ಯಾರಿಗೂ ತೋರಿಸ್ಬೇಡ."

ಒಂಬತ್ತನೆಯ ದಿನ ಬಾಗಿಲು ತಟ್ಟಿದ್ದು ಇದಿರ್. ಎತ್ತರದ ಆಳು, ನಮ್ಮ ಬಾಗಿಲಲ್ಲಿ ಯಾವಾಗಲೂ ತಲೆ ತಗ್ಗಿಸಿ ನಿಲ್ಲುತ್ತಾನೆ. ನಾನು ಕನ್ನಡದಲ್ಲಿ ಒದರಿದ್ದರಲ್ಲಿ ಅಷ್ಟಿಷ್ಟು ಜರ್ಮನ್ ಇತ್ತಲ್ಲ, ಅದನ್ನು ನೋರಾ ಅವನಿಗೆ ಹೇಳಿದ್ದಳಂತೆ. ನಿಜವಾಗಿ ನಿಮ್ಮನ್ನು ಕಸದಲ್ಲಿ ಇಟ್ಟಿದ್ದರೇ, ಎಂದು ಕೇಳಿದ. ಹೂಂ ಎಂದೆ.

"ನನ್ನ ಹೆಸರಿನ ಅರ್ಥ ನೀವು ಯಾವತ್ತೂ ಕೇಳಲಿಲ್ಲ," ಎಂದ. "ಇದಿರ್ ಅಂದ್ರೆ ಬದುಕುತ್ತಾನೆ ಅಂತ. ನನ್ನ ಮುಂಚೆ ಒಬ್ಬ ಹೋಗಿದ್ದ. ಅಮ್ಮ ಹೆದರಿಕೊಂಡು ಈ ಹೆಸರಿಟ್ಟಳು. ನೋರಾಗೂ ಹೇಳಿದೆ, ಕೆಳಗಿನವರು ಮಾಡಿದ್ದು ನಮ್ಮಮ್ಮ ಮಾಡಿದ್ದೇ ಅಂತ. ಮೇಲೆ ಬನ್ನಿ. ಚಹಾ ಇಟ್ಟಿದ್ದಾಳೆ."

ಮೇಲೆ ನೋರಾ ನನ್ನ ಮುಖ ನೋಡಲಿಲ್ಲ. ಚಹಾ ಕೊಟ್ಟಳು. ಆಮೇಲೆ ಮಗುವನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, "ಹಿಡ್ಕೊಳ್ಳಿ. ನಾಲ್ಕು ದಿನದಿಂದ ನಾನು ತಲೆಗೆ ಸ್ನಾನ ಮಾಡಿಲ್ಲ," ಎಂದು ಸ್ನಾನಕ್ಕೆ ಹೋದಳು.

ಬಂದ ಮೇಲೆ ಮೂವರೂ ಕೂತು ಹೆಸರಿನ ಬಳಕೆಯ ಲೆಕ್ಕ ಹಾಕಿದೆವು. ಆಕಾಶದಲ್ಲಿ ಸುತ್ತುವ ಒಂದು ಕಲ್ಲಿಗೂ ಆ ಹೆಸರಿದೆ ಎಂದ ಇದಿರ್. ನಾನು ತಡೆಯಲಾರದೆ ಕೋಳಿಯ ಫೋಟೋ ತೋರಿಸಿದೆ. ನೋರಾ ಎಂಟು ದಿನದ ಮೇಲೆ ನಕ್ಕದ್ದು ಆಗ.

"ಕಲ್ಲಿಗೆ ಇಡ್ತಾರೆ, ಕೋಳಿಗೆ ಇಡ್ತಾರೆ. ಮಗಳಿಗೆ ಅಂದ್ರೆ ಆಧಾರ ತಾ ಅಂತಾರೆ."

ಆಧಾರ ತಂದವಳು ನೋರಾಳ ತಾಯಿ. ಈಗ ಅಲ್ಲಿ ಆ ಹೆಸರಿಗೆ ಅಡ್ಡಿಯಿಲ್ಲವಂತೆ. ಆಸುಪಾಸಿನ ಊರುಗಳಲ್ಲಿ ನಾಲ್ಕು ಮಂದಿ ಪುಟ್ಟ ನುಮಿಡಿಯಾಗಳು ಇದ್ದರು. ಒಂದೇ ಕಣ್ಣಿನ, ಅದೂ ಮಬ್ಬಾದ ಆ ಹೆಂಗಸು ಮನೆಮನೆಗೆ ಹೋಗಿ, ಹೆತ್ತವರನ್ನು ಒಪ್ಪಿಸಿ, ನಾಲ್ವರ ಜನನ ದಾಖಲೆಯ ಪ್ರತಿ ಪಡೆಯಲು ಅದೇ ಕಚೇರಿಯ ಅದೇ ಕಿಟಕಿಯ ಮುಂದೆ ನಿಂತಳಂತೆ. ಗುಮಾಸ್ತ ಬೇರೆಯವನು, ಹುಡುಗ. ಯಾಕಮ್ಮ ನಾಲ್ಕು ಬೇಕು ಎಂದು ಕೇಳಿದ್ದಕ್ಕೆ, ನೀನು ಮುದ್ರೆ ಒತ್ತು, ಆಮೇಲೆ ಹೇಳ್ತೀನಿ ಎಂದಳಂತೆ.

ಆ ಕಾಗದಗಳು ಬಂದು, ಜರ್ಮನ್‌ಗೆ ಅನುವಾದವಾಗಿ, ಕಚೇರಿಗೆ ಹೋಗುವ ದಿನ ನನ್ನನ್ನೂ ಕರೆದಿದ್ದರು. ಮೊದಲ ನಮೂನೆ ತುಂಬಿದವರು ವಿವರಣೆ ಕೊಟ್ಟರೆ ಒಳ್ಳೆಯದು ಎಂದಿದ್ದಳಂತೆ ಅಧಿಕಾರಿ. ನಾನು ಹಿಂದಿನ ದಿನವೆಲ್ಲ ಕನ್ನಡಿಯ ಮುಂದೆ ನಿಂತು ವಾಕ್ಯ ಉರು ಹೊಡೆದೆ. ಕಾಂಜೀವರಂ ಉಡಬೇಕೋ ಜೀನ್ಸ್ ಹಾಕಬೇಕೋ ಎಂದು ಅರ್ಧ ಗಂಟೆ ಹಾಳು ಮಾಡಿದೆ. ಕೊನೆಗೆ ಮಾಮೂಲಿ ಚೂಡಿದಾರದ ಮೇಲೆ ಮಳೆಯ ಜಾಕೆಟ್ಟು.

ಅಧಿಕಾರಿಗೆ ನನ್ನದೇ ವಯಸ್ಸು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು.

"ಶ್ರೀಮತಿ ರುದ್ರಪ್ಪ, ಪುಟ್ಟಿ ಎಂದರೆ?"

"ಚಿಕ್ಕವಳು ಅಂತ."

"ಅದು ಹೆಸರೇ?"

"ಹೌದು. ಅಲ್ಲ. ಹೆಸರು ಬರುವ ತನಕ ಇರುವ ಹೆಸರು."

ಅವಳು ಕನ್ನಡಕ ಹಾಕಿಕೊಂಡಳು. ನಾನು ಉರು ಹೊಡೆದದ್ದೆಲ್ಲ ಮರೆತು, ನನ್ನ ಕಥೆಯನ್ನೇ ಹೇಳಿದೆ. ತಿಪ್ಪೆಗೆ ಏನೆನ್ನಬೇಕೆಂದು ಹೊಳೆಯದೆ ಕೊಂಪೋಸ್ಟ್ ಎಂದೆ.

"ನಿಮ್ಮನ್ನು ಕೊಂಪೋಸ್ಟ್ ಮೇಲೆ ಇಟ್ಟರೇ?"

"ಎರಡೇ ನಿಮಿಷ. ಆಮೇಲೆ ವಾಪಸು ತಗೊಂಡ್ರು."

ಇದಿರ್ ಕೆಮ್ಮಿದ. ಅಧಿಕಾರಿ ನಗಲಿಲ್ಲ. ನನ್ನನ್ನು ನೋಡಿ, ನೋರಾಳ ಕೈಯಲ್ಲಿದ್ದ ಮಗುವನ್ನು ನೋಡಿ, ನಾಲ್ಕು ಕಾಗದಗಳನ್ನು ಒಂದೊಂದಾಗಿ ನಿಧಾನಕ್ಕೆ ಓದಿದಳು. ಗೋಡೆಯ ಗಡಿಯಾರದ ಸದ್ದು ಅಷ್ಟು ಜೋರಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಕಾಲು ತಾನಾಗಿ ಅದುರುತ್ತಿತ್ತು. ನೋರಾ ಇತ್ತ ತಿರುಗದೆಯೇ ಕೈ ಚಾಚಿ ನನ್ನ ಮೊಣಕಾಲನ್ನು ಒತ್ತಿ ಹಿಡಿದಳು. ಅಧಿಕಾರಿ ಏನೋ ಕುಟ್ಟಿ, ಒಂದು ಹಾಳೆ ಮುದ್ರಿಸಿ, ನೋರಾಳ ಮುಂದಿಟ್ಟಳು.

"ಅಕ್ಷರ ಸರಿಯಿದೆಯೇ ನೋಡಿ ಹೇಳಿ."

ನೋರಾ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದಳು, ಏಳೂ. ಆಮೇಲೆ ತಲೆಯಾಡಿಸಿದಳು.

ಕಚೇರಿಯ ಹೊರಗಿನ ಮೊಗಸಾಲೆಯಲ್ಲೇ ತಾಯಿಗೆ ಫೋನು ಮಾಡಿದಳು. ಪರದೆಯಲ್ಲಿ ತಲೆಗೆ ಬಣ್ಣದ ವಸ್ತ್ರ ಕಟ್ಟಿದ ಮುಖ ಬಂತು, ತೀರಾ ಹತ್ತಿರ, ಒಂದು ಕಣ್ಣು ಮಾತ್ರ ಕಾಣುವಷ್ಟು ಹತ್ತಿರ. ನೋರಾ ಹಾಳೆ ತೋರಿಸಿದಳು. ಆ ಕಣ್ಣಿಗೆ ಕಂಡಿತೋ ಇಲ್ಲವೋ. ಇದಿರ್ ಅವರ ಭಾಷೆಯಲ್ಲಿ ಓದಿ ಹೇಳಿದ. ನೋರಾ ಫೋನನ್ನು ಮಗುವಿನ ಕಿವಿಯ ಹತ್ತಿರ ಹಿಡಿದಳು. ನಾನು ಕಲಿಸಿದ್ದಲ್ಲ, ಅವಳಿಗೇ ತೋಚಿದ್ದು.

ಆಮೇಲೆ ಆ ತಾಯಿ ಕರೆದಳು. ಮೆಲ್ಲಗೆ ಅಲ್ಲ, ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ, ಗಟ್ಟಿಯಾಗಿ.

"ನುಮಿಡಿಯಾ!"

ಮಗು ನಿದ್ದೆ ಮಾಡುತ್ತಿತ್ತು. ಓಗೊಟ್ಟವಳು ನೋರಾ. "ಹಾಂ, ಯಮ್ಮಾ," ಎಂದಳು. ಎಂದವಳು ತಾನೇ ಬೆಚ್ಚಿ ನಮ್ಮ ಮುಖ ನೋಡಿದಳು. ಇದಿರ್ ಕಿಟಕಿಯ ಕಡೆ ತಿರುಗಿಕೊಂಡ. ನಾನು ಜಾಕೆಟ್ಟಿನ ಜೇಬಿನಲ್ಲಿ ಕರವಸ್ತ್ರ ಹುಡುಕಿದೆ, ಸಿಕ್ಕಿದ್ದು ಮೃಗಾಲಯದ ಟಿಕೆಟ್ಟು.

ಆ ಬೇಸಿಗೆಯಲ್ಲಿ ಅವರು ಹೋಗಿ ಬಂದರು. ಅಜ್ಜಿ ಮಗುವಿನ ಮೂಗಿಗೆ ಮೂಗು ತಾಗಿಸಿ ನೋಡಿದಳಂತೆ, ನನ್ನ ಹಾಗೇ ಇದ್ದಾಳೆ ಎಂದಳಂತೆ. ಅದಾಗಿ ಎರಡು ವರ್ಷಕ್ಕೆ ಇದಿರ್‌ಗೆ ಹ್ಯಾಂಬರ್ಗಿನಲ್ಲಿ ಕೆಲಸವಾಯಿತು. ಮೇಲಿನ ಮನೆಯ ಗಂಟೆಯ ಹೆಸರು ಬದಲಾಯಿತು. ಹೋದ ತಿಂಗಳು ಮೂವರೂ ಬಂದು ನಾಲ್ಕು ದಿನ ನಮ್ಮಲ್ಲಿದ್ದು ಹೋದರು. ನುಮಿಡಿಯಾಗೆ ಈಗ ನಾಲ್ಕು ವರ್ಷ. ಕೂರೆಂದರೆ ಕೂರುವ ಮಗುವಲ್ಲ. ಕಾಗದ ಬಂದ ದಿನ ನಾನು ಕೊಟ್ಟ ಆ ರೈಲನ್ನು ಜೊತೆಗೇ ತಂದು ಮನೆಯ ಎಲ್ಲ ಕೋಣೆಗೂ ಓಡಿಸಿದಳು. ಹೋದ ಮೇಲೆ ನನಗೆ ಫೋನಿನಲ್ಲಿ, ಜರ್ಮನ್‌ನಲ್ಲಿ, ನನ್ನದಕ್ಕಿಂತ ಎಷ್ಟೋ ಒಳ್ಳೆಯ ಜರ್ಮನ್‌ನಲ್ಲಿ ದೂರು ಹೇಳಿದ್ದಳು.

"ಅಜ್ಜಿ, ನನ್ನ ಹೆಸರಲ್ಲಿ ತೂತು ಬಿದ್ದಿದೆ. ರೈಲು ಅಲ್ಲಿಗೆ ಬಂದು ಬಿಟ್ಟು ಹೋಗ್ತದೆ."

ನಾನು ಮನೆಯೆಲ್ಲ ಹುಡುಕಿದ್ದೆ, ಆ ನಡೆದಾಡುವ ಮಷೀನಿನ ಹಿಂದೊಂದು ಬಿಟ್ಟು.

ಇವತ್ತು ಸೋಮವಾರ. ಬೋಗಿಯನ್ನು ಒಂದು ಡಬ್ಬಿಗೆ ಹಾಕಿ, ಸುತ್ತ ಒಂದಿಷ್ಟು ಮಂಡಕ್ಕಿ ತುಂಬಿ, ಅಂಚೆಗೆ ಹೊರಟೆ. ರಜೆ ಹಾಕಿ ಮನೆಯಲ್ಲಿದ್ದ ಯಜಮಾನರೂ ಜೊತೆಗೆ ಬಂದರು. ಅಲ್ಲಿ ಪಾರ್ಸೆಲ್ಲಿನ ಚೀಟಿ ಕೊಟ್ಟರು. ಯಾರಿಗೆ ಎಂಬಲ್ಲಿ ಉದ್ದನೆಯ ಖಾಲಿ ಜಾಗ.

"ಇದಿರ್ ಹೆಸರು ಹಾಕು," ಎಂದರು ಯಜಮಾನರು. "ನಾಕ್ ವರ್ಷದ ಮಗೂಗೆ ಯಾರು ಪಾರ್ಸೆಲ್ ಕೊಡ್ತಾರೆ?"

"ಕೊಡ್ತಾರೆ," ಎಂದೆ.

ಪೆನ್ನು ಒತ್ತಿ ಹಿಡಿದು ದೊಡ್ಡಕ್ಷರದಲ್ಲಿ ಬರೆದೆ, ಒಂದೊಂದಾಗಿ ಏಳೂ. ಈ ಸಲ ಎಲ್ಲೂ ನಿಲ್ಲಲಿಲ್ಲ. ಡಬ್ಬಿಯನ್ನು ಕಿಟಕಿಯೊಳಗೆ ದಾಟಿಸುವಾಗ ಒಳಗೆ ಮಂಡಕ್ಕಿಯ ನಡುವೆ ಗಾಲಿ ಉರುಳಿದ ಸದ್ದಾಯಿತು.